ಕೂತಿರುವ ಮಾಸ್ತರು

ಕರೂರಿನಲ್ಲಿ ಕ್ರೈಸ್ತರ ಮನೆ ಅಂತ ಇದ್ದದ್ದು ಒಂದೇ, ದೇವದಾನಂ ಮಾಸ್ತರದು. ಶಾಲೆಯ ಗಂಟೆ ಹೊಡೆದರೂ ಏಳದ ಮನುಷ್ಯ. ಹೆಂಡತಿ ಸುಗುಣಮ್ಮ ಮೂರು ಸಲ ಕೂಗಿ, ಕಂಬಳಿ ಕಿತ್ತು, ಕೊನೆಗೆ ಚೊಂಬು ನೀರು ತಂದಾಗಲೇ ಅವರಿಗೆ ಬೆಳಗಾಗುತ್ತಿತ್ತು. ಅಂಥ ಮಾಸ್ತರು ಎಪ್ಪತ್ತೈದರ ಮಳೆಗಾಲದಲ್ಲಿ ಎರಡು ದಿನದ ಜ್ವರಕ್ಕೆ ತೀರಿಕೊಂಡರು.

ಹಳ್ಳ ತುಂಬಿ ಸಿರುಗುಪ್ಪದ ಬಸ್ಸು ನಿಂತಿತ್ತು. ಬಳ್ಳಾರಿಯಿಂದ ಪಾದ್ರಿಗಳೂ ಬರಲಿಲ್ಲ, ಹೆಣದ ಪೆಟ್ಟಿಗೆಯೂ ಬರಲಿಲ್ಲ. ಸುಗುಣಮ್ಮ ಅತ್ತತ್ತು ಎಚ್ಚರ ತಪ್ಪಿದ್ದರು. ನಾವು ಊರವರು ಸುಮ್ಮನಿರುತ್ತೇವೆಯೇ? ಊರಲ್ಲಿ ಯಾರು ಸತ್ತರೂ ಓಡಿಬರುವ ತಿಪ್ಪೇರುದ್ರಪ್ಪನನ್ನು ಮುಂದಿಟ್ಟುಕೊಂಡು ಗುಂಡಿ ತೋಡಿದೆವು. ನಮ್ಮ ಲಿಂಗವಂತರ ಹಿರಿಯರನ್ನು ಕೂಡಿಸುವ ಹಾಗೆಯೇ ಮಾಸ್ತರನ್ನೂ ಚಕ್ಕಳಮಕ್ಕಳ ಹಾಕಿಸಿ ಕೂಡಿಸಿ, ವಿಭೂತಿಯೊಂದು ಬಿಟ್ಟು ಎಲ್ಲ ಮರ್ಯಾದೆ ಮಾಡಿ ಮಣ್ಣು ಕೊಟ್ಟೆವು. ಬಹಳ ಚಂದ ಮಾಡಿದೆವೆಂದು ಬೀಗಿದ್ದೂ ಉಂಟು.

ಸಂಗತಿ ತಿಳಿದ ಸುಗುಣಮ್ಮ ಅನ್ನ ಬಿಟ್ಟರು. ಅವರಲ್ಲಿ ಸತ್ತವರನ್ನು ಪೂರ್ವಕ್ಕೆ ಕಾಲು ಮಾಡಿ ಮಲಗಿಸುತ್ತಾರಂತೆ; ಕೊನೆಯ ದಿನ ಕಹಳೆ ಊದಿದಾಗ ಎದ್ದರೆ ಎದುರಿಗೇ ಯೇಸುಸ್ವಾಮಿ. ಸರಿಯಾಗಿ ಮಲಗದವರು ಸರಿಯಾಗಿ ಏಳುವುದು ಹೇಗೆ? ಗಂಡ ಏಳದೇ ಹೋದರೆ ತಾನು ಅಲ್ಲಿ ಯಾರ ಮುಖ ನೋಡಬೇಕು ಎಂದು ಅತ್ತರು. ನಮಗೆ ತಲೆ ಎತ್ತಲಾಗಲಿಲ್ಲ.

ಮುಂದಿನ ಬೇಸಿಗೆಯ ಪುನರುತ್ಥಾನದ ಹಬ್ಬಕ್ಕೆ ಪಾದ್ರಿಗಳು ಬಂದರು. ಬೆಳಗಾಗುವ ಹೊತ್ತಿಗೆ ಗೋರಿಯ ಮುಂದೆ ಪ್ರಾರ್ಥನೆ ಮುಗಿಯಿತು. ಅಗೆದು ಮಲಗಿಸಿಕೊಡಿ ಎಂದು ಸುಗುಣಮ್ಮ ಕೈಮುಗಿದರು. ತಪ್ಪು ತನ್ನದೆಂದು ತಿಪ್ಪೇರುದ್ರಪ್ಪ ಆಗಲೇ ಸಲಿಕೆ ತಂದಿದ್ದ. ಸಮುದ್ರದಲ್ಲಿ ಮುಳುಗಿದವರನ್ನೂ ಎಬ್ಬಿಸುವ ದೇವರಿಗೆ ಕೂತವರನ್ನು ಎಬ್ಬಿಸುವುದು ಯಾವ ಲೆಕ್ಕ ಎಂದರು ಪಾದ್ರಿಗಳು. ಸುಗುಣಮ್ಮನ ಮುಖದ ದುಗುಡ ಇಳಿಯಲಿಲ್ಲ.

ಆಗ ತಿಪ್ಪೇರುದ್ರಪ್ಪ ಮೆಲ್ಲಗೆ ಬಾಯಿ ಹಾಕಿದ. "ಅಮ್ಮಾರೇ, ಮಲಗಿದೋರು ಮೊದ್ಲು ಎದ್ದು ಕುಂದ್ರಬೇಕು, ಆಮ್ಯಾಲೆ ನಿಂದ್ರಬೇಕು. ನಮ್ಮ ಮಾಸ್ತರ್ದು ಅರ್ಧ ಕೆಲ್ಸ ಆಗೇ ಹೋಗೈತ್ರಿ."

ಮೊದಲು ನಕ್ಕವರು ಪಾದ್ರಿಗಳೇ. ಎಷ್ಟೋ ತಿಂಗಳ ಮೇಲೆ ಸುಗುಣಮ್ಮನೂ ಬಾಯಿಗೆ ಸೆರಗೊತ್ತಿಕೊಂಡು ನಕ್ಕರು, ನಗುತ್ತ ಅತ್ತರು. ನಮ್ಮೆದೆಯೂ ಹಗುರಾಯಿತು. ಆಮೇಲೆ ಸುಗುಣಮ್ಮ ತಿಪ್ಪೇರುದ್ರಪ್ಪನ ಕೈಯಿಂದ ಸಲಿಕೆ ಇಸಿದುಕೊಂಡು ಗೋರಿಯ ಬಗಲಿಗೆ ಒಂದು ಗೆರೆ ಎಳೆದರು.

"ನನ್ನೂ ಇಲ್ಲೇ ಕುಂದ್ರಸ್ರಿ, ತಿಪ್ಪೇರುದ್ರಣ್ಣ. ಬರೇ ಕಹಳಿ ಊದಿದ್ರ ಏಳೋ ಆಸಾಮಿ ಅಲ್ಲ ಅವ್ರು. ಮೊದ್ಲು ನಾ ಎದ್ದು ಕೂಗಬೇಕು."