ಫಲಕಕ್ಕೆ ಬೇಕಾದ ಹೆಸರು

ನಮ್ಮ ಜಪಾನಿನಲ್ಲಿ ಕತ್ತಿಗೆ ಹಚ್ಚುವ ಲವಂಗದೆಣ್ಣೆಯ ವಾಸನೆಯಲ್ಲ, ಸೀಮೆಎಣ್ಣೆಯದು, ಕ್ಲಾರಿ ಭಾವ ಹೋದ ಚಳಿಗಾಲದಲ್ಲಿ ಸಾಯುವವರೆಗೂ ಈ ಕತ್ತಿಗೆ ಸೀಮೆಎಣ್ಣೆಯನ್ನೇ ಒರೆಸಿದರು — ಈಗ ಅವರ ಮಗ ಡ್ಯಾರಿಲ್, ನನ್ನ ಗಂಡನ ಊರು ಹಾರ್ಷಮ್‌ನ ಈ ಅಡುಗೆಮನೆಯಲ್ಲಿ, ಟೀ ಬಟ್ಟಲುಗಳ ನಡುವೆ, ಹಿಡಿಯ ಬಿದಿರಿನ ಬೆಣೆಯನ್ನು ಮೆಲ್ಲಗೆ ಬಡಿಯುತ್ತಿದ್ದಾನೆ, ಬೆಣೆ ಬಿತ್ತು, ಹಿಡಿ ಜಾರಿತು, ಒಳಗೆ ತುಕ್ಕುಗೆಂಪು ಉಕ್ಕು, ಉಳಿಯಲ್ಲಿ ಕೊರೆದ ಅಕ್ಷರ, ಅದಕ್ಕೆ ಸುತ್ತಿದ ಒಂದು ಕಾಗದ. ತಂತಿ ಬ್ರಷ್ ಎತ್ತಿಕೊಂಡ, ಉಜ್ಜಬೇಡಪ್ಪ, ತುಕ್ಕು ಹೋದ್ರೆ ಅದರ ವಯಸ್ಸೇ ಹೋಯ್ತು, ಊರಲ್ಲಿ ನನ್ನಪ್ಪ ಹೇಳುತ್ತಿದ್ದ ಮಾತು ನನ್ನ ಬಾಯಲ್ಲಿ ಬಂತು, ಅವನ ಕೈ ನಿಂತಿತು, ಈ ಮನೆಯಲ್ಲಿ ನನ್ನ ಮಾತಿಗೆ ಒಂದು ಕೈ ನಿಂತದ್ದು ಇದೇ ಮೊದಲು. ಜಪಾನಿನ ಕುರೆ ಬಂದರಿನಿಂದ ಕ್ಲಾರಿಯ ತಮ್ಮ ಕೀತ್‌ನ ಹೆಂಡತಿಯಾಗಿ ಬಂದಿಳಿದ ದಿನವೇ ಓರಗಿತ್ತಿ ಈನಿಡ್ ಹೇಳಿದ್ದಳು, ಮಿಸಾವೊ ಗಿಸಾವೊ ಎಲ್ಲ ನಮ್ಮ ನಾಲಗೆಗೆ ಹೊರಳಲ್ಲ ಕಣೆ, ಮೇ ಅಂತೀವಿ — ಮೇ ಆದೆ. ಓದಿ ಚಿಕ್ಕಮ್ಮ, ಅಂದ ಡ್ಯಾರಿಲ್, ಆ ಆಫೀಸರ್ ಹೆಸರೊಂದು ಸಿಕ್ರೆ ಸಾಕು, ಮಾಜಿ ಸೈನಿಕರ ಕ್ಲಬ್ಬಿನ ಗೋಡೆಗೆ ಹಾಕಿಸ್ತೀವಿ. ಹಿತ್ತಾಳೆ ಫಲಕ ಆಗಲೇ ಕೆತ್ತಿಸಿ ತಂದಿದ್ದಾನೆ, ವೀವಾಕ್ ಕಾಡಿನಲ್ಲಿ ಕೈಕೈ ಮಿಲಾಯಿಸಿ ಕಾದಾಡಿ ಕ್ಲಾರಿ ಕೊಂದ ಜಪಾನಿ ಅಧಿಕಾರಿ, ಮುಂದೆ ಒಂದು ಹೆಸರಿನಷ್ಟು ಜಾಗ. ಪ್ರತಿ ಏಪ್ರಿಲ್‌ನಲ್ಲೂ, ಸೈನಿಕರನ್ನು ನೆನೆಯುವ ದಿನ, ಭಾವ ಆ ಕಥೆ ಹೇಳುತ್ತಿದ್ದರು, ಬಂದೂಕಿನ ಈಟಿ ಹೊಟ್ಟೆಗೆ ಇಳಿಯುವ ಹೊತ್ತಿಗೆ ಸರಿಯಾಗಿ ನನ್ನತ್ತ ನೋಡುತ್ತಿದ್ದರು, ನಾನು ಕುರಿಮಾಂಸ ಬಡಿಸುತ್ತಿದ್ದೆ, ಕೀತ್ ಉಪ್ಪಿನ ಬುಡ್ಡಿ ತಿರುಗಿಸುತ್ತಿದ್ದ, ಈಗಲೂ ತಿರುಗಿಸುತ್ತಿದ್ದಾನೆ. ಉಕ್ಕಿನ ಮೇಲಿರುವುದು ಕಮ್ಮಾರನ ಹೆಸರು, ಕನೆಹಾರು, ಪಕ್ಕದಲ್ಲಿ ಕಾರ್ಖಾನೆಯ ಮುದ್ರೆ, ಯುದ್ಧಕಾಲದಲ್ಲಿ ರಾಶಿಗಟ್ಟಲೆ ಬಡಿದು ಕಳಿಸಿದ ಕತ್ತಿ. ಕಾಗದದಲ್ಲಿರುವುದು ಬೇರೆ — ಲೆಫ್ಟಿನೆಂಟ್ ನಾವತಾ, ತೊತ್ತೊರಿ ಸೀಮೆ, ಹಳ್ಳಿ, ಮನೆ, ಯುದ್ಧ ಮುಗಿಯಿತೆಂದು ಆಜ್ಞೆಯಾದ ಕಾರಣ ಈ ಕತ್ತಿಯನ್ನು ಕೈಯಾರೆ ಒಪ್ಪಿಸುತ್ತಿದ್ದೇನೆ — ಸಾಲಿನಲ್ಲಿ ನಿಂತ, ಮೇಜಿನ ಮೇಲಿಟ್ಟ, ಹೋದ, ಯಾರೂ ಯಾರನ್ನೂ ಕೊಲ್ಲಲಿಲ್ಲ. ಈ ಹೆಸರು ಕೊಟ್ಟರೆ ಊರಿಗೆ ಮರಳಿರಬಹುದಾದವನನ್ನು ಗೋಡೆಯ ಮೇಲೆ ನಾನೇ ಕೊಂದಂತೆ, ನಿಜ ಹೇಳಿದರೆ ಈ ಮೇಜಿನ ಸುತ್ತ ನನಗೆ ಇನ್ನು ಕುರ್ಚಿ ಇಲ್ಲ, ಎದ್ದು ಹೋಗೋಣವೆಂದರೆ ಬಾಗಿಲಿನ ಕಡೆ ಈನಿಡ್ — ಅವಳ ಕೈ ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಹಿಡಿಯಿತು, ಉಗುರು ಊರಿತು, ಗಂಡನ ಕಥೆ ಸುಳ್ಳೆಂದು ಅವಳಿಗೆ ಗೊತ್ತು, ಎಂದಿನಿಂದಲೋ ಗೊತ್ತು. ಮಿಸಾವೊ, ಎಂದಳು, ಮೆಲ್ಲಗೆ, ಒಂದು ಅಕ್ಷರವೂ ತಪ್ಪದೆ. ಹಾಗಾದರೆ ಇಷ್ಟು ವರ್ಷ ನಾಲಗೆಗೆ ಬರುತ್ತಿತ್ತು. ಕನೆಹಾರು, ಅಂದೆ. ಡ್ಯಾರಿಲ್ ಬರೆದುಕೊಂಡ, ಸತ್ತವನ ಜಾಗಕ್ಕೆ ಕಮ್ಮಾರ ಬಂದ. ಮತ್ತೆ ಆ ಕಾಗದ ಏನು ಚಿಕ್ಕಮ್ಮ, ಏನಿಲ್ಲಪ್ಪ, ಹಿಡಿ ಅಲ್ಲಾಡದ ಹಾಗೆ ಸುತ್ತಿದ್ದು — ಅಂಗಿಯ ತೋಳಿನೊಳಗೆ ತುರುಕುವಾಗ ಕಣ್ಣಿಗೆ ಬಿತ್ತು ಕೊನೆಯ ಸಾಲು, ಈ ಕಾಗದ ಸಿಕ್ಕವರು ನನ್ನ ತಾಯಿಗೆ ನಾಲ್ಕು ಮಾತು ಬರೆಯಿರಿ, ಅವಳಿಗೆ ಕಠಿಣ ಅಕ್ಷರ ಬಾರದು, ಮಕ್ಕಳಿಗೆ ಬರೆಯುವ ಹಾಗೆ ಬರೆಯಿರಿ, ಬೆರಳಿಟ್ಟು ಓದುತ್ತಾಳೆ — ಈನಿಡ್ ನನ್ನ ಬಟ್ಟಲಿಗೆ ಟೀ ಬಗ್ಗಿಸುತ್ತಿದ್ದಾಳೆ, ಸಕ್ಕರೆ ಎಷ್ಟು ಕೇಳುತ್ತಿದ್ದಾಳೆ, ಒಂದು ಬೆರಳು, ಚಾಪೆಯ ಮೇಲೆ, ಎಂದೂ ಬಾರದ ಕಾಗದದ ಅಕ್ಷರ ಹುಡುಕುತ್ತ ಒಂದು ಮುದಿ ಬೆರಳು, ಆ ಬೆರಳು —