ಸದ್ದು ಮಾತ್ರ ಬಂದ ವಿಡಿಯೊ

ಬೆಳಗ್ಗೆ 10.40. ತಮಿಳುನಾಡಿನ ಮೇಚೇರಿಯಲ್ಲಿ ಸರಿತಾ ಅವರ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ವಿಡಿಯೊ ಓಡುತ್ತಿತ್ತು. ಚಿತ್ರ ಬರಲಿಲ್ಲ, ಸದ್ದು ಬಂತು.

ಮೊದಲು ಕೊರಳಗಂಟೆ. ಆಮೇಲೆ ನಾಲಿಗೆಯಿಂದ ಎರಡು ಸಲ ಟಕ್ ಟಕ್, ಅದರ ಹಿಂದೆಯೇ "ಹ್ರ್ರೋ... ಬಾ" ಎಂಬ ಉದ್ದನೆಯ ಕರೆ.

"ಕೇಳಿದ್ಯಾ ತಾಯಿ?" ಎಂದರು ನಾರಾಯಣಪ್ಪ. "ಇನ್ನೇನು ನೋಡಾದು ಐತೆ?"

ಅವರ ಮಂದೆಯಲ್ಲಿ ನಲವತ್ತೆರಡು ಕುರಿ, ತಳಿಗೆ ಬಿಟ್ಟಿದ್ದ ಟಗರು ಒಂದೇ. ಸೋಮವಾರ ಮಧ್ಯಾಹ್ನ ಆ ಟಗರು ದೊಡ್ಡಿಯಿಂದ ಕಾಣೆಯಾಗಿತ್ತು. ಪಕ್ಕದ ತೋಟದ ಕುಪ್ಪುಸ್ವಾಮಿ ಬೋರ್‌ವೆಲ್ ಮೋಟಾರ್ ಕಾಯಲು ಹಾಕಿಸಿದ ಕ್ಯಾಮೆರಾಕ್ಕೆ ದೊಡ್ಡಿಯ ಬಾಗಿಲೂ ಕಾಣುತ್ತದೆ. ಸೇಲಂಗೆ ಹೊರಟಿದ್ದ ಅವರು, ನೋಡಲು ಪುರುಸೊತ್ತಿಲ್ಲದೆ, ಆ ಮಧ್ಯಾಹ್ನದ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟಿದ್ದರು. ನಾರಾಯಣಪ್ಪನವರದು ಬಟನ್ ಫೋನು. ಜೊತೆಗೆ ಬಂದಿದ್ದ ಮಗ ಬಾಲಾಜಿ, ತನ್ನ ಫೋನಿನಲ್ಲಿ ಅದು ತೆರೆಯುವುದಿಲ್ಲ ಎಂದಿದ್ದ.

ಆ ಕಡೆ ಕುರಿ ಕಾಯುವವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕರೆ. ಎರಡು ಮಂದೆ ಬೆರೆತರೂ ಕುರಿ ತನ್ನವನ ಕರೆಗೇ ತಿರುಗುತ್ತದೆ. ಈಗ ಕೇಳಿದ ಕರೆ ಮುನಿಸ್ವಾಮಿಯವರದು. ಹನ್ನೊಂದು ವರ್ಷದಿಂದ ಈ ಮಂದೆ ಕಾಯುತ್ತಿದ್ದವರು ಅವರೇ. ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಹಿರಿಯರು ಸೇರುವವರಿದ್ದರು. ಕಳ್ಳನೆಂದು ತೀರ್ಮಾನವಾದರೆ ಸುತ್ತಿನ ಹಳ್ಳಿಗಳಲ್ಲಿ ಯಾರೂ ಅವರಿಗೆ ಒಂದು ಕುರಿಯನ್ನೂ ಒಪ್ಪಿಸುವುದಿಲ್ಲ.

ಮುನಿಸ್ವಾಮಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. "ಕರೆ ನಂದೇ. ಗಂಟ್ಲೂ ನಂದೇ. ಆದ್ರೆ ಅವತ್ತು ನಾನು ದೊಡ್ಡಿ ತಾವ ಓಗಿಲ್ಲ. ಉಣ್ಸೆಮರದಡಿ ಮಲ್ಗಿದ್ದೆ."

"ಗಂಟ್ಲು ಒಂದೇ ಎದ್ದು ನಡ್ಕೊಂಡು ಓಯ್ತಾ?" ಎಂದ ಬಾಲಾಜಿ. ನಾರಾಯಣಪ್ಪ ನಕ್ಕರು.

ಸರಿತಾ ಪರದೆಯ ಮೇಲಿನ ಸೂಚನೆ ಓದುತ್ತಿದ್ದರು. ಅಂಗಡಿಯದು ಲಿನಕ್ಸ್ ಕಂಪ್ಯೂಟರ್. ಕ್ಯಾಮೆರಾ ಚಿತ್ರವನ್ನು ಹೊಸ ಬಗೆಯಲ್ಲಿ ಅಡಕ ಮಾಡಿತ್ತು. ಅದನ್ನು ಬಿಡಿಸಿ ತೋರಿಸುವ ಕೋಡೆಕ್ ಇದರಲ್ಲಿರಲಿಲ್ಲ. ಸದ್ದು ಹಳೆಯ ಬಗೆಯದು, ಆದ್ದರಿಂದ ಬಂತು.

"ಅಕ್ಕಾ, ವಿಡುಂಗ, ಬಿಟ್ಬುಡಿ," ಎಂದ ಬಾಲಾಜಿ. "ಸೌಂಡ್ ಪೋದುಂ, ಅಷ್ಟೇ ಸಾಕು. ಟೈಮ್ ಆಯ್ತಾ ಐತೆ."

"ವಿಡಿಯೊ ತಂದು ರೇಡಿಯೊ ಕೇಳ್ಕೊಂಡು ಓಯ್ತೀಯೇನ್ಲಾ? ಕೂತ್ಕೊ," ಎಂದರು ಸರಿತಾ.

ಕೋಡೆಕ್ ಇಳಿಸಿಕೊಳ್ಳಲು ಒಂಬತ್ತು ನಿಮಿಷ ಹಿಡಿಯಿತು. ಮತ್ತೆ ಓಡಿಸಿದಾಗ ಪರದೆ ಪೂರ್ತಿ ಹಸಿರಾಯಿತು. ನಡುವೆ ಏನೋ ಚೂರುಚೂರಾಗಿ ಅಲುಗುತ್ತಿತ್ತು. ಬಾಲಾಜಿ ಎದ್ದು, ಗಾಡಿಯಲ್ಲಿ ಕಾಯುತ್ತೇನೆ ಎಂದ. "ಇರಪ್ಪಾ, ಇನ್ನೇನು ಬಂತು," ಎಂದು ತಂದೆ ಅವನ ತೋಳು ಹಿಡಿದು ಕೂರಿಸಿದರು.

ಸರಿತಾ ಪ್ಲೇಯರ್ ಮುಚ್ಚಿ, ಅದರ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ನೆರವು ಪಡೆಯುವ ಆಯ್ಕೆಯನ್ನು ತೆಗೆದರು. ಕಾರ್ಡ್ ಹಳೆಯದು, ಈ ಬಗೆಯ ಚಿತ್ರ ಅದಕ್ಕೆ ಒಗ್ಗದಿರಬಹುದು ಎಂಬುದು ಅವರ ಅಂದಾಜು. ಮೂರನೆಯ ಸಲ ಓಡಿಸಿದರು.

11.07ಕ್ಕೆ ಚಿತ್ರ ಬಂತು.

ದೊಡ್ಡಿಯ ಬಾಗಿಲು ತೆರೆದಿತ್ತು. ಬಿಳಿ ಅಂಗಿಯವನೊಬ್ಬ ಹಿಮ್ಮುಖವಾಗಿ ನಡೆಯುತ್ತಿದ್ದ. ಪಕ್ಕದಿಂದ ಕಾಣುತ್ತಿದ್ದ ಅವನ ಬಾಯಿ ಮುಚ್ಚಿತ್ತು. ಚಾಚಿದ ಕೈಯಲ್ಲಿ ಫೋನಿತ್ತು. ಟಕ್ ಟಕ್, ಹ್ರ್ರೋ ಬಾ, ಎಂದು ಫೋನು ಕರೆಯಿತು. ಟಗರು ಅದರ ಹಿಂದೆ ಬಂತು. ಬೇಲಿಯ ಬಳಿ ಅವನು ತಿರುಗಿದಾಗ ಮುಖ ಪೂರ್ತಿ ಕಂಡಿತು. ಅದು ಬಾಲಾಜಿ.

ನಾರಾಯಣಪ್ಪನವರ ಕೈ ಮಗನ ತೋಳಿನ ಮೇಲೆಯೇ ಇತ್ತು. ಅದನ್ನು ತೆಗೆಯಲು ಅವರಿಗೆ ತೋಚಲಿಲ್ಲ.

"ಇನ್ನೊಂದ್ಸಲ ಆಕು ತಾಯಿ," ಎಂದರು ಕೊನೆಗೆ.

ಸರಿತಾ ಹಾಕಿದರು. ಅದೇ ಮುಖ ಬಂತು.

"ಟಗರು ಮಾರಿ ಅಂತ ಪಾಪಿರೆಡ್ಡಿಪಟ್ಟಿಯವ್ರು ಮೂರ್ ಸಲ ಕೇಳಿದ್ರು," ಎಂದ ಬಾಲಾಜಿ ನೆಲ ನೋಡುತ್ತ. "ನೀನು ಕೊಡಲ್ಲ ಅಂದೆ."

"ಅದ್ಕೆ ಇವನ ಗಂಟ್ಲು ಕದ್ಯಾ?"

ಮುನಿಸ್ವಾಮಿ ಒಳಗೆ ಬಂದರು. ಸಿಟ್ಟಿರಲಿಲ್ಲ. ಪರದೆಯನ್ನಲ್ಲ, ಬಾಲಾಜಿಯ ಜೇಬನ್ನು ನೋಡುತ್ತಿದ್ದರು. "ನನ್ ಕರೆನ ಯಾವಾಗ ಫೋನ್ನಾಗೆ ಇಡ್ಕೊಂಡೆ?"

"ಪೊಂಗಲ್‌ನಾಗೆ. ಸ್ಟೇಟಸ್‌ಗೆ ಆಕಕ್ಕೆ ಅಂತ."

"ಅಳ್ಸು."

ಬಾಲಾಜಿ ಅಲ್ಲೇ, ಎಲ್ಲರ ಎದುರು, ಅಳಿಸಿದ.

ಹನ್ನೆರಡಕ್ಕೆ ಹಿರಿಯರು ಸೇರಿದರು. ನಾರಾಯಣಪ್ಪ ಎದ್ದು ನಿಂತು, ತಪ್ಪು ನಮ್ಮ ಮನೆಯದು ಎಂದು ಹೇಳಿದರು. ಶುಕ್ರವಾರ ಟಗರು ಪಾಪಿರೆಡ್ಡಿಪಟ್ಟಿಯಿಂದ ವಾಪಸ್ ಬಂತು. ಮುನಿಸ್ವಾಮಿಯನ್ನು ಮತ್ತೆ ಕೆಲಸಕ್ಕೆ ಕರೆಯಲು ನಾರಾಯಣಪ್ಪ ಎರಡು ಸಲ ಹೋಗಿಬಂದರು. ಮುಂದಿನ ಸೋಮವಾರದಿಂದ ಮುನಿಸ್ವಾಮಿ ಕುಪ್ಪುಸ್ವಾಮಿಯವರ ಆಡುಗಳನ್ನು ಮೇಯಿಸುತ್ತಿದ್ದಾರೆ.