ಇಪ್ಪತ್ತು ನಿಮಿಷದ ನಿದ್ದೆ

ನರ್ಸ್ ಮಹೆಕ್ ನೆಟ್ಟಗೆ ನಿದ್ದೆ ಮಾಡಿ ಒಂಬತ್ತು ದಿನವಾಗಿತ್ತು. ಕೊರೊನಾ ಎರಡನೇ ಅಲೆಯ ಮೇ ತಿಂಗಳು. ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಊರು ಮಸ್ಕಿ, ಬಸ್ಸಿಲ್ಲ. ಬಾಡಿಗೆ ಮನೆಯ ಯಜಮಾನ "ರೋಗ ತರ್ತಿ, ಒಳಗ ಬರಬ್ಯಾಡ" ಎಂದು ಗೇಟಿಗೆ ಬೀಗ ಹಾಕಿದ್ದ. ಹೋದ ವರ್ಷ ಮಾಳಿಗೆ ಮೇಲೆ ನಿಂತು ನರ್ಸುಗಳಿಗೆಂದು ಚಪ್ಪಾಳೆ ತಟ್ಟಿದ್ದವನು ಇದೇ ಮಹಾಶಯ.

ಹಾಗಾಗಿ ಮಹೆಕಳ ಹಾಸಿಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ, ಬೆಡ್‌ಶೀಟಿನ ಗಂಟುಗಳ ನಡುವೆ. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಕಾಲು ಚಾಚಿದರೆ, ಹತ್ತಕ್ಕೆ ಮ್ಯಾನೇಜರ್ ವಿರೂಪಾಕ್ಷಪ್ಪ ಬಾಗಿಲು ಬಡಿಯುತ್ತಿದ್ದ.

"ಸಿಸ್ಟರ್, ಹೆಂಗೂ ಇಲ್ಲೇ ಅದಿಯಲ್ಲ. ಹಗಲಿನಾಕಿ ಬಂದಿಲ್ಲ. ಒಂದೀಟು ನೋಡು ಬಾ."

ಆ ಒಂದೀಟು ಸಂಜೆಯವರೆಗೂ ಮುಗಿಯುತ್ತಿರಲಿಲ್ಲ. ಬಾಗಿಲು ಬಡಿಯದ ಹೊತ್ತಿನಲ್ಲೂ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಕಿವಿಯಲ್ಲಿ ಮಷಿನ್ ಕೂಗು. ಎದ್ದು ಓಡಿದರೆ ವಾರ್ಡು ತಣ್ಣಗಿರುತ್ತಿತ್ತು. ತಾಯಿ ಸರ್ದಾರಬಿ ಫೋನ್ ಮಾಡಿದರೆ "ಈಗಷ್ಟೇ ಮಲಗಿ ಎದ್ದೆ" ಎಂದು ಸುಳ್ಳು ಹೇಳಿ, ಆಮೇಲೆ ಗೋಡೆ ನೋಡುತ್ತ ಕೂರುತ್ತಿದ್ದಳು. ಅಂಥ ಒಂಟಿತನ ಶತ್ರುವಿಗೂ ಬೇಡ.

ಹತ್ತನೆಯ ದಿನ ಮಧ್ಯಾಹ್ನ, ಸಾಲಗುಂದದಿಂದ ಬಂದು ಸೇರಿದ್ದ ಮುದುಕಿ ಕನಕಮ್ಮ ಆಕ್ಸಿಜನ್ ಮಾಸ್ಕಿನೊಳಗಿಂದಲೇ ಗದರಿದಳು.

"ಯವ್ವಾ, ಕಣ್ಣು ಕೆಂಡ ಆಗ್ಯಾವ. ಸ್ಟೂಲ್ ಮ್ಯಾಲೆ ಕುಂದ್ರು. ಸಲೈನ್ ಬಾಟ್ಲಿ ನಾ ನೋಡ್ತೀನಿ. ಮುಗಿಯಾಕ ಬಂದ್ರ ಎಬ್ಬಸ್ತೀನಿ."

"ಬ್ಯಾಡಬೇ, ಸರ್ ಬೈತಾರ."

"ಕುಂದ್ರು ಅಂದ್ರ ಕುಂದ್ರಬೇ!"

ಕುಳಿತಳು. ತಲೆ ಮಂಚಕ್ಕೆ ಒರಗಿತು. ಇಪ್ಪತ್ತು ನಿಮಿಷ ರೋಗಿ ಕಾವಲಿದ್ದಳು, ನರ್ಸ್ ನಿದ್ದೆ ಹೋದಳು. ವಿರೂಪಾಕ್ಷಪ್ಪ ಬಂದವನು ಎಬ್ಬಿಸಲಿಲ್ಲ. ಫೋಟೋ ತೆಗೆದುಕೊಂಡ.

ಸಂಜೆಗೆ ಮೆಮೊ ಬಂತು. ಡ್ಯೂಟಿ ಮೇಲೆ ಮಲಗಿದ್ದು ತನ್ನ ತಪ್ಪು ಎಂದು ಬರೆದುಕೊಡಬೇಕಂತೆ, ಇಲ್ಲದಿದ್ದರೆ ಕೆಲಸವಿಲ್ಲ. ಮಹೆಕ್ ಬರೆದಳು: "ಹತ್ತು ದಿನದಿಂದ ಹಗಲೂ ರಾತ್ರಿ ದುಡಿದಿದ್ದೇನೆ. ನಿದ್ದೆ ಬಂತು. ತಪ್ಪು ನನ್ನದಲ್ಲ."

ವಾರ್ಡಿನಲ್ಲೇ ನಿಂತು ಓದಿದ ವಿರೂಪಾಕ್ಷಪ್ಪ ಅದನ್ನು ಹರಿದು ಹಾಕಿದ.

"ಹಗಲು ಯಾವಾಗ ದುಡದಿ? ಡ್ಯೂಟಿ ಚಾರ್ಟಿನಾಗ ನಿನ್ನ ಹೆಸರು ರಾತ್ರಿಗಷ್ಟ ಐತಿ."

"ಹಂಗಾರ ಮಧ್ಯಾಹ್ನ ನಾ ಡ್ಯೂಟಿ ಮ್ಯಾಲೆ ಹೆಂಗ ಮಲಗಿದೆ ರೀ ಸರ್?"

ಅವನ ಮುಖ ಕಪ್ಪಿಟ್ಟಿತು. "ಬಾಯಿ ಭಾಳ ಆತು. ಹಗಲು ಇದ್ದಿ ಅನ್ನಾಕ ಸಾಕ್ಷಿ ಯಾರದಾರ?"

ಮಹೆಕ್ ಜೊತೆಯ ನರ್ಸ್ ಸುರೇಖಾಳ ಕಡೆ ನೋಡಿದಳು. ಸುರೇಖಾ ನೆಲ ನೋಡಿದಳು.

ಕನಕಮ್ಮ ಬೆರಳಿಗೆ ಸಿಕ್ಕಿಸಿದ್ದ, ಆಕ್ಸಿಜನ್ ಅಳೆಯುವ ಕ್ಲಿಪ್ಪನ್ನು ಕಿತ್ತೆಸೆದಳು. ಮಷಿನ್ ಚೀರಿತು. ಪಕ್ಕದ ವಾರ್ಡಿನವರೂ ಓಡಿ ಬಂದರು.

"ನನಗೇನೂ ಆಗಿಲ್ಲ. ಎಲ್ಲಾರೂ ಬರ್ಲಿ ಅಂತ ಕಿತ್ತೀನಿ. ಈಕಿ ಹಗಲೆಲ್ಲ ಇಲ್ಲೇ ಇದ್ಲು. ಮಲಗು ಅಂದಾಕಿನೂ ನಾನ. ಹೆಬ್ಬಟ್ಟು ಎಲ್ಲಿ ಒತ್ಲಿ?"

ಮಹೆಕ್ ಮೊದಲು ಕ್ಲಿಪ್ ಸಿಕ್ಕಿಸಿದಳು. ಆಮೇಲೆ ಬೇರೆ ಹಾಳೆಯ ಮೇಲೆ ಅದೇ ಮಾತು ಬರೆದಳು. ಕನಕಮ್ಮ ಹೆಬ್ಬೆಟ್ಟು ಒತ್ತಿದಳು. ನಿಂತಿದ್ದವರಲ್ಲಿ ಯಾರೂ ಸಹಿ ಹಾಕಲು ಪೆನ್ನು ಕೇಳಲಿಲ್ಲ.

ಮಹೆಕ್ ಹಾಳೆಯನ್ನು ವಿರೂಪಾಕ್ಷಪ್ಪನ ಮುಂದೆ ಹಿಡಿದಳು.

"ಇದನ್ನೂ ಹರೀರಿ ಸರ್. ಮತ್ತ ಬರೀತೀನಿ. ಹೆಂಗೂ ನನಗ ನಿದ್ದಿ ಬರಂಗಿಲ್ಲ."